ಮೈಸೂರಿನ ಅಂಗಿ ತೊಟ್ಟವರೆಲ್ಲ ನಮ್ಮವರೇ!

(ಕನ್ನಡ ರಾಜ್ಯೋತ್ಸವದ ಅಂಗವಾಗಿ ಆರ್.ಟಿ. ನಗರದಲ್ಲಿ ಯುವಕರು ನಡೆಸಿದ ಫುಟ್‌ಬಾಲ್ ಪಂದ್ಯಾವಳಿಯ ಸಮಾರೋಪದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಓದಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ನಿಮ್ಮ ಪಂದ್ಯಾವಳಿಯ ಪೋಸ್ಟರ್ ಮುದ್ರಿಸಿದ್ದಕ್ಕೆ ನನಗೆ ಈ ಹಾರ, ಈ ಶಾಲು. ಆದರೆ ಮೈಕು ಕೈಗೆ ಕೊಟ್ಟಿದ್ದೀರಿ. ಕೊಟ್ಟ ಮೇಲೆ ನನ್ನ ಎದೆಯಲ್ಲಿರುವ ಒಂದು ಮಾತನ್ನು ಆಡಿಯೇ ಇಳಿಯುತ್ತೇನೆ.

ಮೊದಲು ನಿಮಗೊಂದು ಪ್ರಶ್ನೆ. ಇಂಗ್ಲೆಂಡಿನ ಕ್ಲಬ್ಬುಗಳ ಹೆಸರು ಹೇಳಿ ಎಂದರೆ ನೀವು ಇಪ್ಪತ್ತನ್ನು ಉಸಿರು ಬಿಡದೆ ಹೇಳುತ್ತೀರಿ. ಸ್ಪೇನಿನ ತಂಡಗಳ ಬಣ್ಣ ಗೊತ್ತು, ಅವರ ಮೈದಾನ ಗೊತ್ತು, ಗೋಲ್‌ಕೀಪರನ ಹೆಂಡತಿಯ ಹೆಸರೂ ಗೊತ್ತು. ಆದರೆ ಬ್ರಿಟಿಷ್ ಪಲ್ಟಣಗಳು ಹಿಡಿತದಲ್ಲಿಟ್ಟುಕೊಂಡಿದ್ದ ರೋವರ್ಸ್ ಕಪ್ಪನ್ನು ಕಸಿದು ತಂದ ಮೊದಲ ಭಾರತೀಯ ತಂಡ ಯಾವುದು? ಕಲ್ಕತ್ತೆಯದಲ್ಲ, ಬೊಂಬಾಯಿಯದಲ್ಲ. ನಮ್ಮ ಬೆಂಗಳೂರಿನ ತಂಡ! ಎಷ್ಟು ಜನಕ್ಕೆ ಗೊತ್ತು, ಕೈ ಎತ್ತಿ.

ನೋಡಿದಿರಾ? ಒಂದು ಕೈಯೂ ಏಳಲಿಲ್ಲ. ನಿಮ್ಮನ್ನು ಬೈಯಲು ಕೇಳಲಿಲ್ಲ. ಹತ್ತು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ.

ದಂಡಿನ ಹುಡುಗರ ಕಪ್ಪು

ರೋವರ್ಸ್ ಕಪ್ ಬೊಂಬಾಯಿಯಲ್ಲಿ ಶುರುವಾದದ್ದು 1891ರಲ್ಲಿ. ಆಡುವವರು ಬಿಳಿಯ ಸೈನಿಕರು, ಗೆಲ್ಲುವವರೂ ಅವರೇ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಬರಿಗಾಲಲ್ಲಿ ಆಡಿ ಐ.ಎಫ್.ಎ. ಶೀಲ್ಡ್ ಗೆದ್ದು ದೇಶವನ್ನೇ ಎಬ್ಬಿಸಿತು. ಅದೇ ಮೋಹನ್ ಬಾಗಾನ್ 1923ರಲ್ಲಿ ರೋವರ್ಸ್ ಫೈನಲ್‌ಗೆ ಹೋಗಿ ಸೋತು ಬಂತು. ಆ ಬೀಗ ಒಡೆಯಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

ಒಡೆದವರು ಬೆಂಗಳೂರು ಮುಸ್ಲಿಮ್ಸ್. 1937ರ ಫೈನಲ್‌ನಲ್ಲಿ ಅವರ ಎದುರಿಗಿದ್ದದ್ದು ಕಲ್ಕತ್ತೆಯ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. 1-0 ಗೋಲಿನಿಂದ ಬೆಂಗಳೂರು ಗೆದ್ದಿತು. ಅದೃಷ್ಟದ ಗೆಲುವು ಎನ್ನುವಂತಿಲ್ಲ. 1938ರಲ್ಲಿ ಮತ್ತೆ ಹೋಗಿ ಮತ್ತೆ ಗೆದ್ದರು, ಈ ಸಲ ಬ್ರಿಟಿಷ್ ಪಲ್ಟಣವನ್ನೇ ಫೈನಲ್‌ನಲ್ಲಿ ಮಣಿಸಿ. 1940ರಲ್ಲಿ ಫೈನಲ್‌ನಲ್ಲಿ ಸೋತರು. 1948ರಲ್ಲಿ ಮೂರನೆಯ ಸಲ ಕಪ್ಪು ತಂದರು.

ಆ ಕಾಲದ ಬೆಂಗಳೂರನ್ನು ಒಮ್ಮೆ ನೆನೆಯಿರಿ. ಊರು ಒಂದಲ್ಲ, ಎರಡು. ಒಂದು ಪೇಟೆ, ಮೈಸೂರು ಮಹಾರಾಜರದ್ದು, ಕನ್ನಡದ್ದು. ಇನ್ನೊಂದು ಕಂಟೋನ್ಮೆಂಟ್, ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ದಂಡು. ಅದು ಬ್ರಿಟಿಷರ ಆಡಳಿತದ್ದು. 1947ರಲ್ಲಿ ದಂಡು ಮೈಸೂರಿನ ಕೈಗೆ ಬಂತು, 1949ರಲ್ಲಿ ಎರಡೂ ಸೇರಿ ಒಂದೇ ನಗರವಾಯಿತು. ಸೈನಿಕರ ಬೂಟುಗಾಲಿನ ಆಟವನ್ನು ಬೇಲಿಯಾಚೆ ನಿಂತು ನೋಡಿ ಕಲಿತವರು ಈ ದಂಡಿನ ಮಕ್ಕಳು. ಮನೆಯಲ್ಲಿ ಉರ್ದು, ತಮಿಳು. ಬೀದಿಯಲ್ಲಿ ಎಲ್ಲವೂ. ಪೇಟೆಯ ಕನ್ನಡಿಗ ಹಾಕಿ, ಕ್ರಿಕೆಟ್, ಕುಸ್ತಿ ಎಂದುಕೊಂಡು ಈಚೆ ಉಳಿದ. ಫುಟ್‌ಬಾಲ್ ಎಂದರೆ 'ದಂಡಿನವರ ಆಟ' ಎಂದ. ಅಲ್ಲಿಂದಲೇ ಮರೆವು ಶುರುವಾಯಿತು.

ಆದರೆ ಕೇಳಿ. ಸಂತೋಷ್ ಟ್ರೋಫಿಗೆ ತಂಡ ಕಟ್ಟುವಾಗ ಈ ದಂಡಿನ ಹುಡುಗರೇ ಮೈಸೂರಿನ ಅಂಗಿ ತೊಟ್ಟರು. 1946-47, 1952-53, 1967-68, 1968-69: ನಾಲ್ಕು ಸಲ ಮೈಸೂರು ರಾಜ್ಯ ದೇಶಕ್ಕೆ ಚಾಂಪಿಯನ್!

1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿಲ್ಲ. ಜುಲೈ 31ರಂದು ಭಾರತ ಫ್ರಾನ್ಸ್ ಎದುರು ಆಡಿತು. ನಮ್ಮ ಆಟಗಾರರಲ್ಲಿ ಬಹಳ ಜನ ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆ ಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಈಸ್ಟ್ ಬೆಂಗಾಲ್‌ಗೆ ಹೋದರು. ಅಲ್ಲಿಯ ಜನ ಐದು ಮಂದಿ ಮುಂಪಡೆಯ ಆಟಗಾರರನ್ನು 'ಪಂಚಪಾಂಡವರು' ಎಂದು ಕರೆದು ತಲೆಯ ಮೇಲೆ ಹೊತ್ತರು. ಅವರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ನಮ್ಮಲ್ಲಿಂದ ಹೋದವರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1952ರಲ್ಲಿ ಮತ್ತೊಂದು ಒಲಿಂಪಿಕ್ಸ್. 2017ರಲ್ಲಿ ಅಹ್ಮದ್ ಖಾನ್ ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ನಾನು ಮಾಡಿದ ತಪ್ಪು

ಈಗ ನನ್ನ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಒಂದು ರಾಜ್ಯೋತ್ಸವಕ್ಕೆ 'ನಾಡಿನ ಕ್ರೀಡಾರತ್ನಗಳು' ಎಂಬ ದೊಡ್ಡ ಪೋಸ್ಟರ್ ನನ್ನ ಪ್ರೆಸ್ಸಿಗೆ ಬಂತು. ಪಟ್ಟಿಯಲ್ಲಿ ಅಹ್ಮದ್ ಖಾನ್ ಇದ್ದರು, ಅರುಮೈನಾಯಗಂ ಇದ್ದರು. ಪ್ರೂಫ್ ನೋಡಲು ಬಂದವರು ಎರಡೂ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, "ಇವರು ನಮ್ಮವರಲ್ಲ, ತೆಗೀರಿ ಸ್ವಾಮಿ" ಎಂದರು. ನಾನು ತೆಗೆದೆ. ಕೂಲಿ ಬಂತಲ್ಲ, ನನಗೇನು ಎಂದುಕೊಂಡೆ.

ಪೋಸ್ಟರಿನ ಒಂದು ಪ್ರತಿ ಪ್ರೆಸ್ಸಿನ ಗೋಡೆಯ ಮೇಲೆ ಅಂಟಿಸಿದ್ದೆ. ಮೊಮ್ಮಗಳ ಮದುವೆಯ ಕಾರ್ಡು ಮಾಡಿಸಲು ಬಂದ ಒಬ್ಬ ಹಿರಿಯರು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಅದನ್ನು ಬಹಳ ಹೊತ್ತು ನೋಡಿದರು. "ಫುಟ್‌ಬಾಲಿನವರು ಒಬ್ಬರೂ ಇಲ್ವಲ್ಲಪ್ಪ?" ಎಂದರು. ನಾನು ನಡೆದದ್ದು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಅರವತ್ತೊಂಬತ್ತರಲ್ಲಿ ಸಂತೋಷ್ ಟ್ರೋಫಿ ಇಲ್ಲೇ ಗೆದ್ವಿ. ನಾನು ಮೈದಾನದಲ್ಲಿದ್ದೆ. ಸುತ್ತ ಮುತ್ತ ಯಾರ್ಯಾರೋ ಇದ್ರು. ಕೂಗಿದ್ದು ಮಾತ್ರ ಮೈಸೂರು, ಮೈಸೂರು ಅಂತ. ಆವತ್ತು ನಮ್ಮವರಾಗಿದ್ದವರು ಇವತ್ತು ಹೇಗಪ್ಪ ಬೇರೆಯವರಾದ್ರು?" ಎಂದು ಕೇಳಿ ಕಾರ್ಡಿನ ಅಡ್ವಾನ್ಸ್ ಕೊಟ್ಟು ಹೊರಟುಹೋದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುದ್ರಕನಾದವನು ಒಂದು ಅಕ್ಷರ ಬಿಟ್ಟರೆ ಓದುವವನಿಗೆ ಆ ಅಕ್ಷರವೇ ಇಲ್ಲ. ನಾನು ಎರಡು ಹೆಸರು ಬಿಟ್ಟಿದ್ದೆ.

ಬಂಧುಗಳೇ, ಕನ್ನಡಾಭಿಮಾನ ಎಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದೇ? ನಾವು ಬೇಡ ಎಂದವರನ್ನು ಕಲ್ಕತ್ತೆಯವರು ತಮ್ಮವರೆಂದು ಹೊತ್ತು ಮೆರೆಸಿದರು. ನಷ್ಟ ಯಾರಿಗೆ?

ಸ್ಪೇನಿನಲ್ಲಿ ಬಾಸ್ಕ್ ಎಂಬ ಸಣ್ಣ ನಾಡಿದೆ, ಅದಕ್ಕೆ ತನ್ನದೇ ನುಡಿಯಿದೆ. ಅಲ್ಲಿಯ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬು 1898ರದು. ಅದರ ನಿಯಮ ಗೊತ್ತೇ? ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಇಲ್ಲವೇ ಅಲ್ಲಿ ಆಟ ಕಲಿತು ಬೆಳೆದವರು ಮಾತ್ರ ಆಡಬೇಕು. ಇದಕ್ಕಿಂತ ನಾಡಾಭಿಮಾನ ಬೇಕೇ? ಆದರೆ ಅದೇ ತಂಡದ ತಾರೆ ಇನ್ಯಾಕಿ ವಿಲಿಯಮ್ಸ್, ಆಫ್ರಿಕದ ಘಾನಾದಿಂದ ವಲಸೆ ಬಂದ ತಂದೆ ತಾಯಿಯ ಮಗ. ಬಿಲ್ಬಾವೊದಲ್ಲಿ ಹುಟ್ಟಿದ, ಪಾಂಪ್ಲೋನಾದಲ್ಲಿ ಬೆಳೆದ, ಅವನು ಅವರವನು. 2024ರಲ್ಲಿ ನಲವತ್ತು ವರ್ಷಗಳ ನಂತರ ಆ ತಂಡ ಸ್ಪೇನಿನ ರಾಜನ ಕಪ್ಪು ಗೆದ್ದಾಗ ಅವನೂ ಆ ತಂಡದಲ್ಲಿದ್ದ. ಬಿಗಿಯಾದ ನಿಯಮ, ವಿಶಾಲವಾದ ಮನಸ್ಸು. ಎರಡೂ ಒಟ್ಟಿಗೆ ಇರಲು ಸಾಧ್ಯ!

ಹಾಗಾದರೆ ಕನ್ನಡ ಎಲ್ಲಿ?

ಹಾಗೆಂದ ಮಾತ್ರಕ್ಕೆ ಭಾಷೆಯ ಮಾತು ಬಿಡೋಣ ಎನ್ನುತ್ತಿಲ್ಲ. ಎಲ್ಲರೂ ನಮ್ಮವರು ಎನ್ನುವವನಿಗೇ ಎಲ್ಲರೂ ಕನ್ನಡ ಕಲಿಯಲಿ ಎಂದು ಕೇಳುವ ಹಕ್ಕಿದೆ. ಪಂದ್ಯಾವಳಿಯ ಕೆಲಸ ತಂದು ಕೊಡುವವರು ಮ್ಯಾಟರ್ ಕೊಡುವುದು ಇಂಗ್ಲಿಷಿನಲ್ಲಿ. ಪ್ರವೇಶ ಪತ್ರ ಇಂಗ್ಲಿಷ್, ನಿಯಮಾವಳಿ ಇಂಗ್ಲಿಷ್, ಅಂಗಿಯ ಬೆನ್ನಿನ ಹೆಸರು ಇಂಗ್ಲಿಷ್. ಕೊನೆಗೆ ಮೇಲ್ಗಡೆ ಮೂಲೆಯಲ್ಲಿ 'ಕನ್ನಡ ರಾಜ್ಯೋತ್ಸವದ ಶುಭಾಶಯಗಳು' ಎಂದು ಕನ್ನಡದಲ್ಲಿ ಒಂದು ಸಾಲು! ನಾಚಿಕೆಯಾಗಬೇಕು. ನನಗೂ ಆಗಬೇಕು, ಮುದ್ರಿಸಿದವನು ನಾನೇ.

ಇನ್ನೊಂದು ಮಾತು. ಈ ಆಟ ಬೆಂಗಳೂರಿನಲ್ಲಿ ಹೇಗೆ ಬದುಕಿತ್ತು? ಸಾರ್ವಜನಿಕ ಕಾರ್ಖಾನೆಗಳಿಂದ. ಎಚ್.ಎ.ಎಲ್., ಐ.ಟಿ.ಐ., ಜಾಲಹಳ್ಳಿಯ ಬಿ.ಇ.ಎಲ್., ಎಚ್.ಎಂ.ಟಿ. ಹುಡುಗ ಚೆನ್ನಾಗಿ ಆಡಿದರೆ ಕೆಲಸ, ಕೆಲಸದಿಂದ ಮನೆಗೆ ಅನ್ನ. ಐ.ಟಿ.ಐ. ರಾಷ್ಟ್ರೀಯ ಲೀಗ್‌ವರೆಗೆ ಹೋಯಿತು. ಎಚ್.ಎ.ಎಲ್. 2010-11, 2011-12ರಲ್ಲಿ ಐ-ಲೀಗ್ ಆಡಿ ಕೆಳಗಿಳಿಯಿತು. ಎಚ್.ಎಂ.ಟಿ. ವಾಚಿನ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲಿ ದೆಹಲಿಯಿಂದ ಬಂತು. ಸರೋಜಿನಿ ಮಹಿಷಿ ಸಮಿತಿಯ ಅಂತಿಮ ವರದಿ ಬಂದದ್ದು 1986ರಲ್ಲಿ. ಸ್ಥಳೀಯರಿಗೆ ಉದ್ಯೋಗ ಎಂದು ನಮ್ಮ ಹಿರಿಯರು ಬೀದಿಗಿಳಿದದ್ದು ಬರೀ ಗುಮಾಸ್ತರ ಕುರ್ಚಿಗಾಗಿ ಅಲ್ಲ. ಕಾರ್ಖಾನೆಯ ಗೇಟು ಮುಚ್ಚಿದಾಗ ಅದರ ಮೈದಾನದ ಗೇಟೂ ಮುಚ್ಚುತ್ತದೆ, ಬಡ ಹುಡುಗನ ಕಾಲಿನ ಚೆಂಡೂ ನಿಲ್ಲುತ್ತದೆ.

2013ರಲ್ಲಿ ಬೆಂಗಳೂರು ಎಫ್.ಸಿ. ಬಂತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ಕನ್ನಡದ ಕೂಗು ಎದ್ದಿತು, ಸಂತೋಷ. ಆದರೆ ಊರಿನ ಆಟ ಉಳಿಯುವುದು ಕೆಳಗಿನ ಮೆಟ್ಟಿಲಲ್ಲಿ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಜಿಲ್ಲಾ ಲೀಗಿನ ಸಣ್ಣ ಕ್ಲಬ್ಬುಗಳು ಖಾಲಿ ಗ್ಯಾಲರಿಯ ಮುಂದೆ ಆಡುತ್ತವೆ. ಒಂದು ಸಲ ಹೋಗಿ ನೋಡಿ.

ನೆನಪಿಡಿ: 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟೆವು. ಆ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆಲ್ಲಲು ಎಷ್ಟು ಕಾಯಬೇಕಾಯಿತು? 2023ರ ಮಾರ್ಚ್ 4ರವರೆಗೆ! ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ದಿನ. ಹಿಂದಿನ ಗೆಲುವಿಗೆ ಐವತ್ತನಾಲ್ಕು ವರ್ಷವಾಗಿತ್ತು. ಅಂದು ನಮ್ಮ ಬೀದಿಯಲ್ಲಿ ಒಂದು ಪಟಾಕಿಯೂ ಹಾರಲಿಲ್ಲ. ಹಾರಿಸಬೇಕಾದವರು ನಾವೇ.

ಹಾಗಾಗಿ ತಮ್ಮಂದಿರೇ, ನನ್ನದು ಮೂರು ಮಾತು. ಒಂದು, ಮುಂದಿನ ವರ್ಷದ ಪ್ರವೇಶ ಪತ್ರ, ನಿಯಮಾವಳಿ, ಅಂಗಿಯ ಹೆಸರು ಎಲ್ಲ ಕನ್ನಡದಲ್ಲಿರಲಿ. ಪ್ರವೇಶ ಪತ್ರವನ್ನು ನಾನು ಕಾಸಿಲ್ಲದೆ ಮುದ್ರಿಸಿ ಕೊಡುತ್ತೇನೆ. ಎರಡು, ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಹುಡುಗರು ಸೇರಿ ಒಂದು ತಂಡ ಕಟ್ಟಿ. ಜಿಲ್ಲಾ ಲೀಗಿನ ಕಟ್ಟಕಡೆಯ ಡಿವಿಜನ್ನಿನಿಂದ ಶುರು ಮಾಡಿ, ನಾಚಿಕೆಯಿಲ್ಲ. ತಂಡದಲ್ಲಿ ಉರ್ದುವಿನ ಹುಡುಗನಿರಲಿ, ತಮಿಳಿನವನಿರಲಿ, ಈಶಾನ್ಯದವನಿರಲಿ, ಪಾಸ್ ಕೊಡು ಎಂದು ಕೂಗುವುದು ಕನ್ನಡದಲ್ಲಿರಲಿ. ಮೂರು, ನಿಮ್ಮ ಬೀದಿಯಲ್ಲಿ ಹಳೆಯ ಆಟಗಾರರಿದ್ದರೆ ಅವರ ಮನೆಗೆ ಹೋಗಿ, ಫೋಟೋ ಕೇಳಿ, ಕತೆ ಬರೆದುಕೊಂಡು ಬನ್ನಿ.

ಆ ಪೋಸ್ಟರನ್ನು ನಾನು ಈ ಸಲ ಮತ್ತೆ ಮುದ್ರಿಸಿದ್ದೇನೆ, ನನ್ನ ಖರ್ಚಿನಲ್ಲಿ. ಬಾಗಿಲಲ್ಲಿ ಕಟ್ಟು ಇಟ್ಟಿದೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ರಾಮನ್, ಧನರಾಜ್, ಅಹ್ಮದ್ ಖಾನ್, ಅರುಮೈನಾಯಗಂ, ನಾಲ್ವರೂ ಇದ್ದಾರೆ. ಹೆಸರು ಕನ್ನಡ ಅಕ್ಷರದಲ್ಲಿದೆ. ಪ್ರೂಫ್ ನಾನೇ ನೋಡಿದ್ದೇನೆ.

ಜೈ ಕರ್ನಾಟಕ!