ಎಣಿಸಿ ಇಡುವ ಹೆಜ್ಜೆ



ಟಿಕ್ ಟಿಕ್ ಎನ್ನುವ ಗೋಡೆ ಗಡಿಯಾರ ಮನೆಯಲ್ಲಿದ್ದರೆ ಅದರ ಸೆಕೆಂಡ್ ಮುಳ್ಳನ್ನು ಗಮನಿಸಿ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ಮತ್ತೊಂದು ಇಟ್ಟು ನಿಲ್ಲುತ್ತದೆ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅಷ್ಟನ್ನೂ ಎಣಿಸಿದ ಚಿಪ್, ಮೋಟಾರಿಗೆ ಒಂದೇ ಒಂದು ವಿದ್ಯುತ್ ಮಿಡಿತ ಕೊಡುತ್ತದೆ. ಒಂದು ಮಿಡಿತ, ಒಂದು ಹೆಜ್ಜೆ. 1936ರಲ್ಲಿ ಫ್ರಾನ್ಸಿನ ಮಾರಿಯಸ್ ಲಾವೆ ರೂಪಿಸಿದ ಮೋಟಾರು ಇದು. ಎಕ್ಸ್‌ರೇ, ಸಿ.ಟಿ. ಯಂತ್ರಗಳೊಳಗಿನ ಸ್ಟೆಪ್ಪರ್ ಮೋಟಾರು ಇದೇ ಬಳಗದ್ದು.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯವರಿಗೆ ದೊಡ್ಡ ಮೋಟಾರುಗಳು ಹೊಸವಲ್ಲ. ಸಿಮೆಂಟ್ ಕಾರ್ಖಾನೆಯ ಕಿಲ್ನ್ ಎಂಬ ಕುಲುಮೆ ಹಗಲೂ ರಾತ್ರಿ ಉರುಳುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಬಲ. ಈ ಗಳಿಗೆಗೆ ಎಷ್ಟು ಡಿಗ್ರಿ ತಿರುಗಿತು ಎಂದು ಅದನ್ನು ಯಾರೂ ಕೇಳುವುದಿಲ್ಲ. ರೋಗಿಯ ಎದೆಯ ಚಿತ್ರ ತೆಗೆಯುವ ಯಂತ್ರಕ್ಕೆ ಆ ಪ್ರಶ್ನೆಯೇ ಮುಖ್ಯ.

1895ರಲ್ಲಿ ರಾಂಟ್ಜನ್ ಎಕ್ಸ್ ಕಿರಣ ಕಂಡುಹಿಡಿದಾಗ ಹೀಗಿರಲಿಲ್ಲ. ಕೈ ಅಲ್ಲಾಡದೆ, ಫಲಕ ಅಲ್ಲಾಡದೆ ಇದ್ದರೆ ಸಾಕಿತ್ತು. ಸಿ.ಟಿ. ಯಂತ್ರ ರೂಪಿಸಿ ಇದನ್ನು ಬದಲಿಸಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಶಹಾಬಾದಿನ ಕಾರ್ಖಾನೆಗಳಲ್ಲಿ ದುಡಿದವರಿಗೆ ಈ ಮಾತು ಹಿಡಿಸಬಹುದು: ಅವರ ಮೊದಲ ಪ್ರಯೋಗದ ಯಂತ್ರ ನಿಂತದ್ದು ಲೇತ್ ಮಷಿನ್ನಿನ ಹಾಸಿನ ಮೇಲೆ. ವಸ್ತುವನ್ನು ಅಡ್ಡಕ್ಕೆ ಸರಿಸುತ್ತ ಅಳೆಯುವುದು, ಒಂದು ಡಿಗ್ರಿ ತಿರುಗಿಸುವುದು, ಮತ್ತೆ ಅಳೆಯುವುದು. ಒಂದು ಚಿತ್ರಕ್ಕೆ ಒಂಬತ್ತು ದಿನ ಹಿಡಿಯಿತು! 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಸ್ಕ್ಯಾನ್ ಮಾಡಿದರು. ಒಂದೊಂದು ಸಾಲಿನಲ್ಲಿ 160 ಅಳತೆ, ಅಂಥ 180 ಸಾಲು, ಒಟ್ಟು 28,800. ಒಂದು ಹೆಜ್ಜೆ ತಪ್ಪಿದರೂ ಲೆಕ್ಕ ಕೆಟ್ಟು ಚಿತ್ರದಲ್ಲಿ ಇಲ್ಲದ ಗೆರೆ ಮೂಡುತ್ತದೆ. 1979ರ ನೊಬೆಲನ್ನು ಅವರು ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೊಂಡರು.

ಇಂದಿನ ಸಿ.ಟಿ.ಯ ಭಾರಿ ಚಕ್ರ ನಿಲ್ಲದೆ ಸುತ್ತುತ್ತದೆ, ಅದರ ಮೋಟಾರೇ ಬೇರೆ. ಸ್ಟೆಪ್ಪರಿನದು ಸಣ್ಣ, ನಾಜೂಕಿನ ಕೆಲಸ. ಕಿರಣ ಬೇಕಾದಷ್ಟೇ ಅಗಲಕ್ಕೆ ಬೀಳುವಂತೆ ಸೀಸದ ಪರದೆಗಳನ್ನು ಸರಿಸುವುದು, ಫಿಲ್ಟರ್ ಬದಲಿಸುವುದು. ಪರದೆ ಹೆಚ್ಚು ತೆರೆದರೆ ರೋಗಿಯ ಮೈಗೆ ಬೇಡದ ಕಿರಣ ತಾಗುತ್ತದೆ.

ಸ್ಟೆಪ್ಪರ್ ಮೋಟಾರಿಗೆ ಆಜ್ಞೆ ಕೊಡುವುದು ಅಂಗೈಯಗಲದ ಒಂದು ಬೋರ್ಡು. ಕಂಪ್ಯೂಟರು ಅದಕ್ಕೆ ಹೇಳುವುದು ಎರಡೇ ಮಾತು: ಯಾವ ಕಡೆಗೆ, ಎಷ್ಟು ಹೆಜ್ಜೆ. ಮೋಟಾರಿನ ಎರಡು ಸುರುಳಿಗಳಿಗೆ ಬೋರ್ಡು ಸರದಿಯ ಮೇಲೆ ಕರೆಂಟು ಹರಿಸುತ್ತದೆ. ನಡುವಿನ ಅಯಸ್ಕಾಂತ ಹೆಜ್ಜೆಗೆ 1.8 ಡಿಗ್ರಿಯಂತೆ ತಿರುಗುತ್ತದೆ. 200 ಹೆಜ್ಜೆಗೆ ಒಂದು ಸುತ್ತು. ಎರಡೂ ಸುರುಳಿಗಳ ಕರೆಂಟನ್ನು ಹದವಾಗಿ ಹೆಚ್ಚುಕಡಿಮೆ ಮಾಡಿದರೆ ಆ ಹೆಜ್ಜೆಯನ್ನೂ ಸೀಳಬಹುದು. ನಿಂತಾಗಲೂ ಕರೆಂಟು ಹರಿಯುತ್ತಿರುತ್ತದೆ, ಪರದೆ ಜಾರದಿರಲೆಂದು. ಹಾಗಾಗಿ ಬೋರ್ಡು ಬಿಸಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಕೋಣೆಯ ಎ.ಸಿ. ರೋಗಿಗಿಂತ ಯಂತ್ರಕ್ಕೇ ಹೆಚ್ಚು ಬೇಕು.

ಈ ಬೋರ್ಡಿಗೆ ಒಂದು ದೊಡ್ಡ ಕೊರತೆಯಿದೆ. ಕಳಿಸಿದ ಮಿಡಿತ ಅದಕ್ಕೆ ಗೊತ್ತು. ಮೋಟಾರು ನಿಜವಾಗಿ ಸರಿಯಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಯಂತ್ರ ಶುರುವಾದ ಕೂಡಲೇ ಕಿರ್ರ್ ಎಂದು ಪರದೆಗಳು ಹಿಂದೆ ಸರಿದು, ಬೆಳಕಿನ ಸೆನ್ಸಾರೊಂದನ್ನು ದಾಟುತ್ತವೆ; ಅಲ್ಲಿಂದ ಬೋರ್ಡು ಸೊನ್ನೆಯಿಂದ ಎಣಿಕೆ ಆರಂಭಿಸುತ್ತದೆ. ತಂತ್ರಜ್ಞರು ಆ ಜಾಗವನ್ನು ಹೋಮ್ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮವ್ವನನ್ನು ಸೇಡಂನಿಂದ ರೈಲಿನಲ್ಲಿ ಚಿತ್ತಾಪುರ, ವಾಡಿ, ಶಹಾಬಾದ್ ದಾಟಿಸಿ ಕಲಬುರಗಿಗೆ ಸ್ಕ್ಯಾನ್ ಮಾಡಿಸಲು ಕರೆದೊಯ್ದಿದ್ದೆ. 1874ರಲ್ಲಿ ನಿಜಾಮರ ಕಾಲದಲ್ಲಿ ಸೇಡಂ ಮೂಲಕ ಹಾಕಿದ ಹಳಿ ನಮಗಾದರೂ ಇದೆ. ಪಕ್ಕದ ಚಿಂಚೋಳಿಯವರಿಗೆ ಅದೂ ಇಲ್ಲ. ಸ್ಕ್ಯಾನಿಂಗ್ ಕೋಣೆಯ ಮುಂದೆ ನಿಂತಾಗ ಒಳಗಿನಿಂದ ಬಂದ ಹುಡುಗ, "ಬೋರ್ಡ್ ಹೋಗ್ಯಾದ್ರಿ, ನಾಳಿ ಬರ್ರಿ" ಎಂದ. ಅವ್ವ ಗೋಡೆಗೊರಗಿ ಕೂತಳು. ಮತ್ತೊಂದು ದಿನದ ಪ್ರಯಾಣ ಅವಳ ಮೈಗೆ ಆಗುವಂತಿರಲಿಲ್ಲ.

ಸಂಜೆಯ ಹೊತ್ತಿಗೆ ಒಬ್ಬ ತಂತ್ರಜ್ಞರು ಬಂದು ಮುಚ್ಚಳ ಬಿಚ್ಚಿದರು. ಬೋರ್ಡು ಚೆನ್ನಾಗಿಯೇ ಇತ್ತು. ಹೋಮ್ ಸೆನ್ಸಾರಿನ ಸಂದಿಯಲ್ಲಿ ಧೂಳು ಕೂತಿತ್ತು. ಅವರು ಮೃದುವಾದ ಬ್ರಷ್ಷಿನಿಂದ ಒರೆಸಿ ಸ್ವಿಚ್ ಹಾಕಿದರು. ಒಳಗೆ ಕಿರ್ರ್ ಎಂದಿತು, ನಿಂತಿತು. ಹುಡುಗ ಬಾಗಿಲು ತೆರೆದು ಅವ್ವನ ಹೆಸರು ಕೂಗಿದ.