ಒಂದರಿಂದ ಹತ್ತನೇ ತಾರೀಖು: ಪಾಲಿಸಿ ಓದೋ ಮಕ್ಕಳ ಕ್ಯಾಲೆಂಡರ್



ಇವತ್ತಿನ ಮಾತು ಕೋಡಿಂಗ್ ಬಗ್ಗೆ ಅಲ್ಲ, ಅಪ್ರೈಸಲ್ ಬಗ್ಗೆನೂ ಅಲ್ಲ. ಬಿಎ ಪೊಲಿಟಿಕಲ್ ಸೈನ್ಸ್, ಪಬ್ಲಿಕ್ ಅಡ್ಮಿನಿಸ್ಟ್ರೇಷನ್, ಪಬ್ಲಿಕ್ ಪಾಲಿಸಿ ಓದ್ತಿರೋ ಮಕ್ಕಳ ಬಗ್ಗೆ. ನಮ್ಮಂಥ ಐಟಿ ಮನೆಗಳಲ್ಲೂ ಈಗ ಇಂಥವರು ಒಬ್ಬರಾದ್ರೂ ಇರ್ತಾರೆ. ಮಗಳೋ, ತಮ್ಮನೋ, ಅಕ್ಕನ ಮಗನೋ. ನಮ್ಮನೇಲಿ ಚಿಕ್ಕಪ್ಪನ ಮಗಳು. ಊರು ಗದಗ ಕಡೆ, ಓದು ಪುಣೆಯಲ್ಲಿ, ಇರೋದು ನಮ್ಮ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ.

ಹೋದ ವರ್ಷ ಅವಳಿಗೆ ದೆಹಲಿಯಲ್ಲಿ ನೀತಿ ಆಯೋಗದ ಇಂಟರ್ನ್‌ಶಿಪ್ ಸಿಕ್ಕಿತ್ತು. ಹೋಗೋಕೆ ಆಗ್ಲಿಲ್ಲ.

ಆಗಿದ್ದೇನು ಅಂದ್ರೆ, ಸೇರೋ ದಿನ ಕಾಲೇಜಿನಿಂದ ಒಂದು ಎನ್‌ಒಸಿ ತಗೊಂಡು ಹೋಗಬೇಕು. ಲೆಟರ್‌ಹೆಡ್ ಮೇಲೆ, ಸಹಿ, ಸೀಲು. "ಈ ವಿದ್ಯಾರ್ಥಿನಿ ನಮ್ಮಲ್ಲಿ ಓದ್ತಿದ್ದಾಳೆ, ಇಂತಿಷ್ಟು ವಾರ ಇಂಟರ್ನ್‌ಶಿಪ್ ಮಾಡೋಕೆ ನಮ್ಮ ಅಭ್ಯಂತರ ಇಲ್ಲ." ನಾಲ್ಕು ಸಾಲು, ಅಷ್ಟೇ. ಅದಕ್ಕೆ ಅವಳು ಮೂರು ವಾರ ಅಲೆದಳು. ಎಚ್‌ಒಡಿ ರಜೆ, ಆಮೇಲೆ ಪರೀಕ್ಷೆ ಡ್ಯೂಟಿ, ಆಮೇಲೆ "ಪ್ರಿನ್ಸಿಪಾಲ್ ಕೇಳಿ ಹೇಳ್ತೀವಿ." ಪತ್ರ ಕೈಗೆ ಬಂದಾಗ ಸೇರೋ ತಾರೀಖು ಮುಗಿದು ಐದು ದಿನ ಆಗಿತ್ತು. ಕಾಲೇಜಿನ ಹೆಸರು ಹೇಳಲ್ಲ. ಬಹಳ ಕಾಲೇಜುಗಳ ಕಥೆ ಹೆಚ್ಚುಕಮ್ಮಿ ಇದೇ.

ಅವತ್ತು ರಾತ್ರಿ ಊಟದ ಹೊತ್ತಿಗೆ ನಾನೊಂದು ಮಾತು ಹೇಳಿದೆ, ಈಗಲೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. "ಹೋಗ್ಲಿ ಬಿಡು, ಹೆಂಗೂ ಯುಪಿಎಸ್‌ಸಿ ಬರೀತೀಯಲ್ಲ." ಅವಳು ತಟ್ಟೆ ನೋಡ್ತಾನೇ ಹೇಳಿದ್ಲು, "ಅಣ್ಣಾ, ನಾನು ಯುಪಿಎಸ್‌ಸಿ ಬರೀತೀನಿ ಅಂತ ಯಾವತ್ತು ಹೇಳಿದ್ದೆ?"

ನಿಜ. ಅವಳು ಹೇಳೇ ಇರ್ಲಿಲ್ಲ. ಮನೆಯವರು ನಾವೇ ತೀರ್ಮಾನ ಮಾಡ್ಕೊಂಡಿದ್ವಿ. ಬಿಎ ಪೊಲಿಟಿಕಲ್ ಸೈನ್ಸ್ ಅಂದ್ರೆ ಒಂದೇ ದಾರಿ, ಆ ದಾರೀಲಿ ಒಂದೇ ಪರೀಕ್ಷೆ ಅಂತ. ಯಾಕಂದ್ರೆ ನಮ್ಮ ಅನುಭವ ಹಾಗೇ ಇದೆ. ನಾನು ಎಂಟೆಕ್‌ಗೆ ಸೇರಿದ್ದು ಗೇಟ್ ಬರೆದು. ವರ್ಷಕ್ಕೊಂದು ಪರೀಕ್ಷೆ, ಒಂದು ಸ್ಕೋರು, ಮುಂದಿನದೆಲ್ಲ ಅದರ ಮೇಲೆ. ಪಾಲಿಸಿ ಲೋಕದಲ್ಲಿ ಹಂಗಿಲ್ಲ. ಅಲ್ಲಿ ದೊಡ್ಡ ಬಾಗಿಲು ಒಂದು ಇದೆ, ಸಣ್ಣ ಸಣ್ಣವು ಹತ್ತಾರು ಇವೆ. ಈ ಸಣ್ಣವು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ ಅಂತ ಯಾವ ಕೋಚಿಂಗ್ ಸೆಂಟರೂ ಬೋರ್ಡ್ ಹಾಕಲ್ಲ.

ಮೊದಲು ನೀತಿ ಆಯೋಗದ್ದೇ ಪೂರ್ತಿ ಹೇಳಿಬಿಡ್ತೀನಿ. ಅರ್ಜಿಯ ಲಿಂಕು ತಿಂಗಳಲ್ಲಿ 1ನೇ ತಾರೀಖಿನಿಂದ 10ನೇ ತಾರೀಖಿನವರೆಗೆ ತೆರೆದಿರುತ್ತೆ. ಪದವಿ ಓದ್ತಿರೋರು ಎರಡನೇ ವರ್ಷ, ಅಂದ್ರೆ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದಿರಬೇಕು. ಹನ್ನೆರಡನೇ ತರಗತಿಯಲ್ಲಿ ಶೇ. 85 ಇರಬೇಕು. ಕನಿಷ್ಠ ಆರು ವಾರ, ಹೆಚ್ಚಂದ್ರೆ ಆರು ತಿಂಗಳು. ಒಂದು ಹಣಕಾಸು ವರ್ಷದಲ್ಲಿ ಒಬ್ಬರು ಒಂದೇ ಸಲ ಅರ್ಜಿ ಹಾಕಬಹುದು. ಸಂಬಳ, ಸ್ಟೈಪೆಂಡ್ ಏನೂ ಇಲ್ಲ.

"ಒಂದೇ ಸಲ" ಅನ್ನೋದನ್ನ ಗಮನಿಸಿ. ಆ ನಾಲ್ಕು ಸಾಲಿನ ಪತ್ರದಿಂದ ಅವಳಿಗೆ ಹೋಗಿದ್ದು ಒಂದು ತಿಂಗಳಲ್ಲ, ಆ ವರ್ಷದ ಅವಕಾಶವೇ.

ಆಫೀಸಿನಲ್ಲಿ ನಮಗೆ ಡೆಡ್‌ಲೈನ್ ಅಂದ್ರೆ ಏನು ಹೇಳಿ? ಸ್ಪ್ರಿಂಟ್ ಮುಗಿಯೋ ದಿನ ಟಾಸ್ಕ್ ಮುಗಿದಿಲ್ಲ ಅಂದ್ರೆ ಮುಂದಿನ ಸ್ಪ್ರಿಂಟ್‌ಗೆ ತಳ್ತೀವಿ. ಸ್ಟ್ಯಾಂಡಪ್‌ನಲ್ಲಿ ಎರಡು ನಿಮಿಷ ಮುಖ ಸಪ್ಪಗೆ ಮಾಡ್ಕೊಂಡ್ರೆ ಆಯ್ತು. ಸರ್ಕಾರಿ ಪೋರ್ಟಲ್‌ಗೆ ಹಾಗೆ ತಳ್ಳೋದು ಗೊತ್ತಿಲ್ಲ. ಆದ್ರೆ ನಮ್ಮ ಕೆಲಸದಿಂದ ಒಂದು ಪಾಠವನ್ನಂತೂ ಆ ಮಕ್ಕಳಿಗೆ ಕೊಡಬಹುದು, ಡಿಪೆಂಡೆನ್ಸಿ ನೋಡೋದು. 10ನೇ ತಾರೀಖು ಕೊನೇ ದಿನ ಅಂತ ಎಲ್ಲರಿಗೂ ಕಾಣುತ್ತೆ. ಅದರ ಹಿಂದೆ ಯಾರ ಸಹಿ ಬೇಕು, ಆ ಸಹಿ ಹಾಕೋರು ಯಾವಾಗ ಸಿಗ್ತಾರೆ, ಅದು ಕಾಣಲ್ಲ. ಈಗ ನಮ್ಮನೇಲಿ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೀವಿ. ಅದರಲ್ಲಿ ಕೊನೇ ದಿನಾಂಕ ಬರೆಯೋದು ಮೂಲೆಯಲ್ಲಿ, ಸಣ್ಣಕ್ಕೆ. ದೊಡ್ಡದಾಗಿ ಬರೆಯೋದು ಪತ್ರ ಕೇಳೋ ದಿನಾಂಕ. ಸೆಮಿಸ್ಟರ್ ಶುರುವಾದ ಎರಡನೇ ವಾರದಲ್ಲೇ, ಇನ್ನೂ ಎಲ್ಲಿಗೂ ಅರ್ಜಿ ಹಾಕದೇ ಇದ್ದಾಗಲೇ, ಕಾಲೇಜಿಗೆ ಎನ್‌ಒಸಿ ಕೋರಿ ಪತ್ರ ಕೊಟ್ಟು ಅದರ ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬರೋದು.

ಇನ್ನು ಡಿಗ್ರಿ ಮುಗಿಸೋರಿಗೆ. ಲ್ಯಾಂಪ್ ಫೆಲೋಶಿಪ್ ಅಂತಿದೆ, ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ನಡೆಸೋದು, 2010ರಿಂದ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ನನಗೆ ಬಹಳ ಹಿಡಿಸಿದ್ದು ಇದು. ಒಬ್ಬ ಫೆಲೋ, ಒಬ್ಬ ಸಂಸದರು. ಮುಂಗಾರು ಅಧಿವೇಶನದ ಹೊತ್ತಿಗೆ ಶುರುವಾಗಿ ಬಜೆಟ್ ಅಧಿವೇಶನ ಮುಗಿಯೋವರೆಗೆ ಅವರ ಜೊತೆ ಕೆಲಸ. ಸಂಸದರು ಮಾತಾಡಬೇಕಾದ ಮಸೂದೆ ಓದಿ ಟಿಪ್ಪಣಿ ಮಾಡೋದು, ಅಂಕಿಅಂಶ ಹುಡುಕೋದು, ಖಾಸಗಿ ಮಸೂದೆಯ ಕರಡು ಬರೆಯೋದು, ಸದನದಲ್ಲಿ ಕೇಳೋ ಪ್ರಶ್ನೆ ತಯಾರು ಮಾಡೋದು. ಈ ಪ್ರಶ್ನೆಗೂ ಡೆಡ್‌ಲೈನ್ ಇದೆ ನೋಡಿ. ಲೋಕಸಭೆಯಲ್ಲಿ ಪ್ರಶ್ನೆ ಕೇಳಬೇಕಂದ್ರೆ ಸಂಸದರೇ ಆದರೂ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ನಾವು ಟಿವಿಯಲ್ಲಿ ಗಲಾಟೆ ಮಾತ್ರ ನೋಡ್ತೀವಿ. ಅದರ ಹಿಂದೆ ಯಾರೋ ಇಪ್ಪತ್ಮೂರು ವರ್ಷದ ಹುಡುಗಿ ರಾತ್ರಿ ಹನ್ನೊಂದಕ್ಕೆ ಕೂತು ಸಚಿವಾಲಯದ ವಾರ್ಷಿಕ ವರದಿ ಓದ್ತಿರ್ತಾಳೆ.

ಲ್ಯಾಂಪ್‌ಗೆ ಯಾವುದೇ ವಿಷಯದ ಪದವಿ ಸಾಕು, ಬಿಇ ಕೂಡ ನಡೆಯುತ್ತೆ. ವಯಸ್ಸು 25 ಮೀರಿರಬಾರದು. ಅರ್ಜಿ ಕರೆಯೋದು ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ. ಇಲ್ಲೇ ಮಕ್ಕಳು ಎಡವೋದು. "ಡಿಗ್ರಿ ಮುಗೀಲಿ, ಜೂನ್‌ನಲ್ಲಿ ನೋಡೋಣ" ಅಂದ್ಕೊಂಡಿರ್ತಾರೆ. ಜೂನ್‌ನಲ್ಲಿ ಆಯ್ಕೆಯಾದವರು ದೆಹಲಿಗೆ ಟಿಕೆಟ್ ಬುಕ್ ಮಾಡ್ತಿರ್ತಾರೆ. ಕೊನೇ ವರ್ಷದ ಡಿಸೆಂಬರ್, ಸೆಮಿಸ್ಟರ್ ಪರೀಕ್ಷೆ ಗಡಿಬಿಡಿ ನಡುವೇನೇ ಅರ್ಜಿ ಹಾಕಬೇಕು. ಅದರಲ್ಲಿ ಪ್ರಬಂಧ ಬರೆಯೋದೂ ಇರುತ್ತೆ. ಅದನ್ನ ಕೊನೇ ರಾತ್ರಿ ಬರೆದ್ರೆ ಓದೋರಿಗೆ ಗೊತ್ತಾಗುತ್ತೆ.

ಮಹಾರಾಷ್ಟ್ರದಲ್ಲಿ ಇರೋರಿಗೆ ಇನ್ನೊಂದು. ಇಲ್ಲಿನ ಮುಖ್ಯಮಂತ್ರಿ ಫೆಲೋಶಿಪ್. 2015ರಲ್ಲಿ ಶುರುವಾಯ್ತು, ನಡುವೆ ನಿಂತಿತ್ತು, 2023ರಲ್ಲಿ ಮತ್ತೆ ಬಂತು. 21ರಿಂದ 26 ವಯಸ್ಸು, ಪದವಿಯಲ್ಲಿ ಶೇ. 60, ಒಂದು ವರ್ಷದ ಕೆಲಸದ ಅನುಭವ, ಮತ್ತೆ ಮರಾಠಿ ಬರಬೇಕು. ಈ ಕೊನೇದನ್ನ ಕೇಳಿ ನಮ್ಮವರು ಹಿಂದೆ ಸರೀತಾರೆ. ಅಲ್ರೀ, ಪಿಂಪ್ರಿಯಲ್ಲೋ ಡೊಂಬಿವಿಲಿಯಲ್ಲೋ ಹುಟ್ಟಿ ಬೆಳೆದ ನಿಮ್ಮ ಮಕ್ಕಳಿಗೆ ಮರಾಠಿ ನಮಗಿಂತ, ಎಷ್ಟೋ ಸಲ ಅವರ ಕನ್ನಡಕ್ಕಿಂತ ಚೆನ್ನಾಗಿ ಬರುತ್ತಲ್ಲ! ಮನೇಲಿ ಕನ್ನಡ, ಹೊರಗೆ ಮರಾಠಿ, ಶಾಲೇಲಿ ಹಿಂದಿ, ಇಂಗ್ಲಿಷ್. ಆಡಳಿತದ ಕೆಲಸದಲ್ಲಿ ಇದು ದೊಡ್ಡ ಆಸ್ತಿ. ನಾಲ್ಕು ಭಾಷೆ ಬರುತ್ತೆ ಅಂತ ರೆಸ್ಯೂಮೆಯ ಕೊನೇ ಸಾಲಿನಲ್ಲಿ ಹವ್ಯಾಸಗಳ ಪಕ್ಕ ಹಾಕ್ತಾರೆ ಮಕ್ಕಳು. ಮೇಲೆ ತನ್ನಿ ಅಂತ ಹೇಳಿ.

ಮುಂದೆ ಓದೋದಾದ್ರೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಎರಡು ವರ್ಷದ ಮಾಸ್ಟರ್ಸ್ ಇನ್ ಪಬ್ಲಿಕ್ ಪಾಲಿಸಿ ಇದೆ. ಲಾ ಓದಿರಬೇಕಿಲ್ಲ. ಇದಕ್ಕೆ ಕ್ಲಾಟ್ ಅಲ್ಲ, ಎನ್‌ಎಲ್‌ಸ್ಯಾಟ್ ಅನ್ನೋ ಬೇರೆ ಪರೀಕ್ಷೆ. ಕ್ಲಾಟ್ ಬರೆದು ಕಾದು ಕೂತವರನ್ನ ನೋಡಿದೀನಿ. ಐಐಟಿ ಬಾಂಬೆ, ಐಐಟಿ ದೆಹಲಿಯಲ್ಲೂ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಇವೆ. "ಐಐಟಿಯಲ್ಲಿ ಓದ್ತಿದ್ದಾಳೆ" ಅಂತ ಊರಲ್ಲಿ ಹೇಳೋಕೆ ಚಿಕ್ಕಪ್ಪನಿಗೂ ಖುಷಿ, ಅದನ್ನೂ ಲೆಕ್ಕಕ್ಕೆ ತಗೋಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ, ಅದರ ಅರ್ಜಿ ಡಿಸೆಂಬರ್-ಜನವರಿ ಹೊತ್ತಿಗೆ ಶುರುವಾಗುತ್ತೆ. ಅಂದ್ರೆ ಕೊನೇ ವರ್ಷದ ಚಳಿಗಾಲ ಅನ್ನೋದು ಈ ಮಕ್ಕಳಿಗೆ ನಿಜವಾದ ಪರೀಕ್ಷಾ ಕಾಲ.

ಆ ಕೊನೇ ವರ್ಷ ಯಾವುದು ಅನ್ನೋದೂ ಈಗ ಗೊಂದಲ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು. ದೆಹಲಿ ವಿಶ್ವವಿದ್ಯಾಲಯದಲ್ಲಿ ನಾಲ್ಕನೇ ವರ್ಷ ಓದೋ ಆಯ್ಕೆ ಇದೆ. ಊರಲ್ಲಿರೋ ತಮ್ಮ, ದೆಹಲಿಯಲ್ಲಿರೋ ತಂಗಿ ಒಂದೇ ವರ್ಷ ಸೇರಿದ್ರೂ ಇಬ್ಬರ ಕ್ಯಾಲೆಂಡರ್ ಬೇರೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ಇಬ್ಬರಿಗೂ ಫಾರ್ವರ್ಡ್ ಮಾಡಬೇಡಿ. ತಾರೀಖನ್ನ ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ, ಪ್ರತಿ ವರ್ಷ ನೋಡಿ.

ಯುಪಿಎಸ್‌ಸಿ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಲೆಕ್ಕ ನೋಡಿ ಮಾತಾಡೋಣ. 2023ರ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಹೆಚ್ಚು, ಪ್ರಿಲಿಮ್ಸ್ ಬರೆದವರು ಸುಮಾರು 5.92 ಲಕ್ಷ, ಕೊನೆಗೆ ಆಯ್ಕೆಯಾದವರು 1,016. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ ಆರು ಅವಕಾಶ ಇದೆ. ಲ್ಯಾಂಪ್ 25ಕ್ಕೆ ಮುಚ್ಚುತ್ತೆ, ಇಲ್ಲಿನ ಸಿಎಂ ಫೆಲೋಶಿಪ್ 26ಕ್ಕೆ. ನಾವು ಮನೆಯವರು ಏನ್ ಮಾಡ್ತೀವಿ? 32ರವರೆಗೆ ತೆರೆದಿರೋ ಬಾಗಿಲ ಮುಂದೆ ಇಪ್ಪತ್ತೊಂದಕ್ಕೇ ಕೂರಿಸ್ತೀವಿ. ಅಷ್ಟರಲ್ಲಿ 25ಕ್ಕೆ, 26ಕ್ಕೆ ಮುಚ್ಚೋವು ಮುಚ್ಚಿಹೋಗಿರ್ತವೆ. ಮೊದಲು ಮುಗಿಯೋ ಡೆಡ್‌ಲೈನಿನ ಕೆಲಸ ಮೊದಲು ತಗೋಬೇಕು ಅಂತ ಆಫೀಸಿನಲ್ಲಿ ಜೂನಿಯರ್‌ಗೆ ನಾನೇ ಹೇಳಿಕೊಡ್ತೀನಿ. ಮನೇಲಿ ನನಗೇ ಹೊಳೀಲಿಲ್ಲ.

ಕೊನೇದಾಗಿ, ಯಾರ ಆಯ್ಕೆಯೂ ಬೇಡದ, ಎನ್‌ಒಸಿ ಬೇಡದ ಅವಕಾಶ ಒಂದಿದೆ. ಕೇಂದ್ರ ಸರ್ಕಾರದ 2014ರ ಒಂದು ನೀತಿ ಪ್ರಕಾರ, ಯಾವುದೇ ಕಾನೂನಿನ ಕರಡನ್ನ ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇಟ್ಟು ಅಭಿಪ್ರಾಯ ಕೇಳಬೇಕು. ಎಷ್ಟೋ ಸಲ ಕೇಳಲ್ಲ, ಅದು ಬೇರೆ ವಿಷಯ. ಕೇಳಿದಾಗ ಬರೆಯೋರು ಕಡಿಮೆ. ನಮಗೆಲ್ಲ ಗೊತ್ತಿರೋ ಉದಾಹರಣೆ: ಡೇಟಾ ಸಂರಕ್ಷಣೆಯ ಡಿಪಿಡಿಪಿ ನಿಯಮಗಳು. ಕರಡು ಬಂದಿದ್ದು 2025ರ ಜನವರಿ 3ಕ್ಕೆ. ಅಭಿಪ್ರಾಯಕ್ಕೆ ಕೊನೇ ದಿನ ಫೆಬ್ರವರಿ 18 ಇತ್ತು, ಮಾರ್ಚ್ 5ಕ್ಕೆ ಮುಂದೂಡಿದ್ರು. (ಹೌದು, ಕೆಲವೊಮ್ಮೆ ಸರ್ಕಾರವೂ ತಾರೀಖು ಮುಂದೆ ಹಾಕುತ್ತೆ. ನಂಬಿಕೊಂಡು ಕೂರಬೇಡಿ.) ನವೆಂಬರ್‌ನಲ್ಲಿ ನಿಯಮಗಳ ಅಧಿಸೂಚನೆ ಬಂತು, ಈಗ ನಮ್ಮ ನಿಮ್ಮ ಆಫೀಸಿನಲ್ಲಿ ಕನ್ಸೆಂಟ್ ಅದು ಇದು ಅಂತ ಟಿಕೆಟ್ ಬರ್ತಿವೆಯಲ್ಲ, ಅದು ಇಲ್ಲಿಂದ.

ಆ ಕರಡನ್ನ ನಾನೂ ಅವಳೂ ಮೂರು ಭಾನುವಾರ ಕೂತು ಓದಿದ್ವಿ. ಮಕ್ಕಳ ಡೇಟಾಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನೋ ಭಾಗ ಬಂದಾಗ ನನಗೆ ಕಂಡಿದ್ದು ಲಾಗಿನ್ ಸ್ಕ್ರೀನು, ಎಪಿಐ. ಅವಳು ಕೇಳಿದ್ದು, "ನಮ್ಮೂರಲ್ಲಿ ಅಪ್ಪನ ಫೋನ್ ನಡೆಸೋದೇ ಮಗ. ಒಪ್ಪಿಗೆ ಕೊಡೋರು ಯಾರು?" ನಾನು ಹದಿಮೂರು ವರ್ಷದ ಅನುಭವದವನು, ಆ ಪ್ರಶ್ನೆ ನನಗೆ ಬಂದಿರಲಿಲ್ಲ. ಅದನ್ನೇ ಎರಡು ಪುಟ ಮಾಡಿ ಅವಳ ಹೆಸರಲ್ಲಿ ಕಳಿಸಿದ್ವಿ. ನಿಯಮ ಬದಲಾಯ್ತಾ ಅಂದ್ರೆ ಇಲ್ಲ. ಆದ್ರೆ ಆ ಎರಡು ಪುಟ ಈಗ ಅವಳ ಎಲ್ಲಾ ಅರ್ಜಿಗಳ ಜೊತೆ ಹೋಗುತ್ತೆ. ಬರವಣಿಗೆಯ ಮಾದರಿ ಕೇಳಿದ್ರೆ ಕ್ಲಾಸಿನ ಅಸೈನ್‌ಮೆಂಟ್ ಕೊಡಬೇಕಿಲ್ಲ.

ಆರ್‌ಟಿಐ ಕೂಡ ಹಾಗೇ. ಕೇಂದ್ರದ ಇಲಾಖೆಗೆ ಆನ್‌ಲೈನ್‌ನಲ್ಲಿ 10 ರೂಪಾಯಿ ಕಟ್ಟಿ ಪ್ರಶ್ನೆ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ರೆ, ಅಥವಾ ಕೊಟ್ಟಿದ್ದು ಸರಿ ಇಲ್ಲದಿದ್ರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಈ ಒಂದು ಕಡೆ ಡೆಡ್‌ಲೈನ್ ಸರ್ಕಾರದ್ದು, ಗಡಿಯಾರ ನೋಡೋರು ನಾವು. ಪದವಿ ಓದೋ ಹುಡುಗರು ವರ್ಷಕ್ಕೆ ಎರಡು ಒಳ್ಳೆ ಆರ್‌ಟಿಐ ಹಾಕಿದ್ರೂ ಇಲಾಖೆ ಒಳಗೆ ಕಡತ ಹೇಗೆ ಓಡಾಡುತ್ತೆ ಅಂತ ಗೊತ್ತಾಗುತ್ತೆ. ಪಠ್ಯಪುಸ್ತಕದಲ್ಲಿ ಅದು ಇಲ್ಲ.

ಈಗ ನಿಮ್ಮ ಹತ್ತಿರ ಒಂದು ಕೆಲಸ ಕೇಳ್ತೀನಿ. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ದುಡ್ಡಿಲ್ಲ ಅಂದೆ. ಹೊಸಪೇಟೆಯ, ಸಿಂಧನೂರಿನ ಹುಡುಗಿಗೆ ದೆಹಲಿಯಲ್ಲಿ ಎರಡು ತಿಂಗಳು ಪಿಜಿ ಬಾಡಿಗೆ, ಊಟ, ಮೆಟ್ರೊ ಅಂದ್ರೆ ಆಯ್ಕೆಯಾದ್ರೂ ಹೋಗೋಕಾಗಲ್ಲ. ಈ ಚಾನೆಲ್ ನೋಡೋರಲ್ಲಿ ನೋಯ್ಡಾ, ಗುರುಗ್ರಾಮ, ದ್ವಾರಕಾದಲ್ಲಿ ಇರೋರು ಬಹಳ ಜನ ಇದೀರಿ. ಮನೇಲಿ ಒಂದು ರೂಮು ಖಾಲಿ ಇದ್ರೆ, ಬೇಸಿಗೆಯಲ್ಲಿ ಆರೆಂಟು ವಾರ ಒಬ್ಬ ವಿದ್ಯಾರ್ಥಿನಿಯನ್ನ ಇಟ್ಟುಕೊಳ್ಳೋಕೆ ಸಾಧ್ಯ ಇದ್ರೆ, ಚಾನೆಲ್‌ಗೆ ಒಂದು ಮೇಲ್ ಹಾಕಿ. ನಮ್ಮ ತಂಗಿ ಈ ಸಲ ಮತ್ತೆ ಅರ್ಜಿ ಹಾಕ್ತಿದ್ದಾಳೆ, ಎನ್‌ಒಸಿ ಆಗಲೇ ತಂದಿಟ್ಟಿದ್ದಾಳೆ. ಅವಳಿಗೆ ದ್ವಾರಕಾದಲ್ಲಿ ನನ್ನ ಹಳೇ ರೂಮ್‌ಮೇಟ್ ಮನೆ ಇದೆ. ಅವಳ ಕ್ಲಾಸಿನ ಇನ್ನಿಬ್ಬರಿಗೆ ಇಲ್ಲ.