ಕೊಸರಿನಲ್ಲಿ ಬಂದ ಅಕ್ಷರ



ಭೀಮಾ-ಅಮರಜೆಯರ ಸಂಗಮದಲ್ಲಿ ಮಿಂದು, ಔದುಂಬರದ ನೆರಳಿನಲ್ಲಿ ಕುಳಿತು ಗುರುಚರಿತ್ರೆಯನ್ನು ಪಾರಾಯಣ ಮಾಡುವವರ ಕಂಠಧ್ವನಿಯೇ ಪ್ರಧಾನವಾಗಿರುವ ಈ ಕ್ಷೇತ್ರದಲ್ಲಿ ನಿಂತು, ಗಣಕಯಂತ್ರದ ಹಳೆಯ ಸೀಡಿಗಳಲ್ಲಿ ಅಡಗಿದ್ದ ಆಟಗಳನ್ನೂ ಅಲಂಕಾರಗಳನ್ನೂ ಕುರಿತು ಮಾತನಾಡಲು ಹೊರಟವನ ಔಚಿತ್ಯಜ್ಞಾನವನ್ನು ನೀವು ಸಂದೇಹಿಸಿದರೆ ಅದು ನ್ಯಾಯವೇ ಸರಿ. ನನ್ನ ಸಮರ್ಥನೆ ಇಷ್ಟೆ: ಆ ಸೀಡಿಗಳ ಒಂದು ಮೂಲೆಯಲ್ಲಿ, ಆಟದ ಗುಂಡಿಗೂ ಗೋಡೆಚಿತ್ರಕ್ಕೂ ನೆರೆಯಾಗಿ, ನಮ್ಮ ಕನ್ನಡವೂ ಬಹುಕಾಲ ಅನಾದೃತವಾಗಿ ಬಿದ್ದುಕೊಂಡಿತ್ತು.

ಸಂತೆಯಲ್ಲಿ ಕಾಯಿಪಲ್ಲೆ ಕೊಂಡವನು ತಕ್ಕಡಿ ಇಳಿದ ಮೇಲೆ, ‘ಮ್ಯಾಲ ಸ್ವಲ್ಪ ಹಾಕವ್ವಾ’ ಎಂದು ಚೀಲವನ್ನು ಅಗಲಿಸಿ ಹಿಡಿಯುತ್ತಾನೆ. ಮಾರುವವಳು ಗೊಣಗುತ್ತಲೇ ನಾಲ್ಕು ಹಸಿಮೆಣಸಿನಕಾಯಿಯನ್ನೋ ಒಂದು ಹಿಡಿ ಕೊತ್ತಂಬರಿಯನ್ನೋ ಎಸೆಯುತ್ತಾಳೆ. ಇದಕ್ಕೆ ಕೊಸರು ಎಂದು ಹೆಸರು. ನಡುಮಧ್ಯಾಹ್ನ ಐದು ಮನೆಗಳ ಮುಂದೆ ನಿಂತು ಮಧುಕರಿ ಬೇಡುವ ಭಕ್ತರನ್ನು ದಿನವೂ ಕಾಣುವ ನಿಮಗೆ ಭಿಕ್ಷೆಗೂ ಕೊಸರಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಭಿಕ್ಷೆ ನೀಡುವವನ ಪುಣ್ಯಕ್ಕೆ ಸೇರಿದುದು. ಕೊಸರಾದರೋ ಬೆಲೆ ತೆತ್ತು ಕೊಂಡವನ ಅಧಿಕಾರಕ್ಕೆ ಸೇರಿದುದು. ಗಣಕಯಂತ್ರದ ವ್ಯಾಪಾರದಲ್ಲಿಯೂ ಕೊಸರಿನ ಸಂಪ್ರದಾಯವೊಂದು ಬೆಳೆದು, ಮೆರೆದು, ಈಗ ಬಹುಮಟ್ಟಿಗೆ ವಿಸ್ಮೃತಿಗೆ ಸಂದಿದೆ.

ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 95 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು 1995ನೆಯ ಇಸವಿಯ ಆಗಸ್ಟ್ 24ರಂದು ಲೋಕಕ್ಕೆ ಬಿಡುಗಡೆ ಮಾಡಿದಾಗ, ಅದರ ಬೆನ್ನಿಗೇ ‘ಪ್ಲಸ್’ ಎಂಬ ಇನ್ನೊಂದು ಪೆಟ್ಟಿಗೆಯನ್ನೂ ಅಂಗಡಿಗಳಲ್ಲಿ ಇರಿಸಿತು. ಕೊಸರಿಗೂ ಬೆಲೆ ಕಟ್ಟಿ ಮಾರುವ ಸಾಹಸವಿದು. ನಮ್ಮ ಸಂತೆಯ ಮುದುಕಿಯರಿಗೆ ಹೊಳೆಯದಿದ್ದ ವಿದ್ಯೆ. ಆ ಪೆಟ್ಟಿಗೆಯಲ್ಲಿ ಪರದೆಯ ಬಣ್ಣ, ಬಾಣದ ಗುರುತು, ಸದ್ದು ಇವೆಲ್ಲವನ್ನೂ ಒಂದೇ ಭಾವಕ್ಕೆ ಹೊಂದಿಸುವ ಅಲಂಕಾರಗಳಿದ್ದುವು. ಲಿಯೊನಾರ್ಡೊ ಡ ವಿಂಚಿಯ ಹೆಸರಿನದೊಂದು, ನಿಸರ್ಗದ್ದೊಂದು, ಕ್ರೂರ ಜಂತುಗಳದ್ದೊಂದು. ಅಕ್ಷರಗಳ ಹಲ್ಲುಹಲ್ಲಾದ ಅಂಚನ್ನು ನಯಗೊಳಿಸುವ ಉಪಾಯವಿತ್ತು. ಆಕಾಶನೌಕೆಯ ಚಿತ್ರವುಳ್ಳ ಪಿನ್‌ಬಾಲ್ ಆಟವಿತ್ತು. ಇವೆಲ್ಲದರ ನಡುವೆ ವಿಶೇಷ ಗೌರವವೇನೂ ಇಲ್ಲದೆ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬುದರ ಪ್ರಥಮ ಆವೃತ್ತಿಯೂ ಇತ್ತು. ಜಾಲವನ್ನು ನೋಡುವ ಕಿಟಕಿ, ಯಾವುದರ ಪ್ರಭುತ್ವಕ್ಕಾಗಿ ಮುಂದೆ ಅಮೆರಿಕದ ಸರ್ಕಾರವೇ 1998ರಲ್ಲಿ ಆ ಸಂಸ್ಥೆಯ ಮೇಲೆ ನ್ಯಾಯಾಲಯಕ್ಕೆ ಹೋಯಿತೋ ಅದು, ಆ ದಿನ ಗೋಡೆಚಿತ್ರಗಳ ಜೊತೆಗೆ ಕಟ್ಟಿಕೊಟ್ಟ ಕೊತ್ತಂಬರಿಯಾಗಿತ್ತು.

ನಿಜವಾದ, ಕಾಸು ಕೇಳದ ಕೊಸರು ಇದ್ದುದು ಮೂಲ ಸೀಡಿಯಲ್ಲಿಯೇ. ಅದರಲ್ಲಿ ವಿನೋದದ ಸಾಮಗ್ರಿಗೆಂದೇ ಒಂದು ಕಡತಕೋಶವಿತ್ತು. ತೆರೆದರೆ ವೀಜರ್ ಎಂಬ ತಂಡದ ‘ಬಡ್ಡಿ ಹಾಲಿ’ ಎಂಬ ಹಾಡಿನ ಚಲಚ್ಚಿತ್ರ, ಗಾಳಿಯಲ್ಲಿ ತೇಲುವ ಬಂಡಿಯಿಂದ ಬಾವುಟಗಳನ್ನು ಹಿಡಿಯುವ ‘ಹೋವರ್’ ಎಂಬ ಆಟ. ಯಂತ್ರದಲ್ಲಿ ಹಾಡೂ ಚಿತ್ರವೂ ಒಟ್ಟಿಗೆ ಚಲಿಸಬಲ್ಲವೆಂಬುದನ್ನು ಎಷ್ಟೋ ಮಂದಿ ಕಂಡುಕೊಂಡುದು ಆ ಕೋಶವನ್ನು ಕುತೂಹಲದಿಂದ ಕೆದಕಿಯೇ. ಇದಲ್ಲದೆ, ವ್ಯವಸ್ಥೆಯನ್ನು ಕಟ್ಟಿದ ಕುಶಲಕರ್ಮಿಗಳೇ ತಮ್ಮ ಉಪಯೋಗಕ್ಕೆಂದು ಮಾಡಿಕೊಂಡ ಸಣ್ಣ ಉಪಕರಣಗಳನ್ನು ‘ಪವರ್‌ಟಾಯ್ಸ್’ ಎಂಬ ಹೆಸರಿನಲ್ಲಿ ಹಂಚಿದರು: ಕೆಟ್ಟರೆ ಸಂಸ್ಥೆ ಹೊಣೆಯಲ್ಲ, ಬೇಕಾದವರು ಬಳಸಿಕೊಳ್ಳಿ ಎಂಬ ನಿರ್ಮೋಹದಿಂದ. ಬಡಗಿ ತನ್ನ ಕೈಗೆ ಹದವಾಗಿ ಮಾಡಿಕೊಂಡ ಉಳಿಯನ್ನು ನೆರೆಯವನಿಗೂ ಕೊಟ್ಟಂತೆ ಇದು, ಮತ್ತು ಈ ಎಲ್ಲ ಕೊಸರುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ. 2019ರಲ್ಲಿ ಆ ಹೆಸರಿಗೆ ಪುನರ್ಜನ್ಮವೂ ಆಯಿತೆಂಬುದು ಸಂತೋಷದ ಸಂಗತಿ.

ಅನಂತರದ ಚರಿತ್ರೆಯನ್ನು ವಿಸ್ತರಿಸುವುದಿಲ್ಲ. 1998ರ ಪ್ಲಸ್ ಪೆಟ್ಟಿಗೆಯಲ್ಲಿ ಬಂದ ‘ಸ್ಪೈಡರ್ ಸಾಲಿಟೇರ್’ ಎಂಬ ಇಸ್ಪೀಟಿನ ಆಟ ಮುಂದೆ ನಮ್ಮ ನಾಡಿನ ಕಚೇರಿಗಳಲ್ಲಿ ಎಷ್ಟು ಮಧ್ಯಾಹ್ನಗಳನ್ನು ನುಂಗಿತೆಂಬುದನ್ನು ಇಲ್ಲಿ ಕುಳಿತಿರುವ ನಿವೃತ್ತ ನೌಕರ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ಪಿನ್‌ಬಾಲ್ ಆಟದ ಅಂತ್ಯ ಮಾತ್ರ ಕರುಣಾಜನಕ: 64 ಬಿಟ್‌ನ ಯಂತ್ರಗಳಿಗೆ ಅದನ್ನು ಒಗ್ಗಿಸಹೋದಾಗ ಗುಂಡು ಅಡ್ಡ ಬಂದ ವಸ್ತುಗಳ ಮೂಲಕ ಪ್ರೇತದಂತೆ ತೂರಿ ಕೆಳಗೆ ಬೀಳುತ್ತಿತ್ತಂತೆ, ಆ ದೋಷ ಎಲ್ಲಿದೆಯೆಂದು ಬೇರೆಯವರು ಬರೆದ ಹಳೆಯ ಸಂಕೇತಗಳಲ್ಲಿ ಹುಡುಕಿ ಸೋತು, ಆಟವನ್ನೇ ಕೈಬಿಟ್ಟರು. 2007ರ ಜನವರಿಯಲ್ಲಿ ಬಂದ ವಿಂಡೋಸ್ ವಿಸ್ಟಾದ ಅತ್ಯಂತ ದುಬಾರಿಯಾದ ‘ಅಲ್ಟಿಮೇಟ್’ ಆವೃತ್ತಿಯನ್ನು ಕೊಂಡವರಿಗೆ ಮೇಲಿಂದ ಮೇಲೆ ಹೆಚ್ಚುವರಿಗಳು ಬರುತ್ತಿರುವುವೆಂಬ ಆಶ್ವಾಸನವಿತ್ತು. ಬಂದುದು ಚಲಿಸುವ ಗೋಡೆಚಿತ್ರ, ಒಂದೆರಡು ಆಟ, ಕೆಲವು ಸದ್ದು, ಉಳಿದುದೆಲ್ಲ ನಿರೀಕ್ಷೆ. ಎರಡು ವರ್ಷದ ತರುವಾಯ ವಿಂಡೋಸ್ 7 ಬಂದಾಗ ಆ ಪದ್ಧತಿಯನ್ನೇ ನಿಲ್ಲಿಸಿದರು. ಆ ಹೆಚ್ಚುವರಿಗಳ ಸಾಲಿನಲ್ಲಿ ಹಲವು ಭಾಷೆಗಳ ಪೂರ್ಣ ಪೊಟ್ಟಣಗಳೂ ಇದ್ದುವು. ಆ ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಿರಲಿಲ್ಲ. ಹಿಂದಿಗೂ ಹಾಕಿರಲಿಲ್ಲವೆಂಬುದನ್ನು ಸಮಾಧಾನವೆಂದು ಎಣಿಸುವುದಾದರೆ ಎಣಿಸಬಹುದು. ಇಂಗ್ಲಿಷಿನ ಮೇಲೆ ಹೊದಿಸುವ ತೆಳುವಾದ ಭಾಷಾಹೊದಿಕೆಯೊಂದು, ಪದೇ ಪದೇ ಕಣ್ಣಿಗೆ ಬೀಳುವ ಭಾಗಗಳನ್ನು ಮಾತ್ರ ಕನ್ನಡಿಸುವಂಥದು, ನಮಗೆ ಉಚಿತವಾಗಿ ಲಭಿಸಿತು.

ಈಗ ನಮ್ಮ ಮಾತಿಗೆ ಬರೋಣ. ದೇವಾಲಯದ ಬೀದಿಯಲ್ಲಿ ನಡೆದರೆ ಅಂಗಡಿಗಳ ಮೇಲೆ ಕನ್ನಡವೂ ಮರಾಠಿಯೂ ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದನ್ನು ಕಾಣುತ್ತೀರಿ. ಕಾರಣ ಸ್ಪಷ್ಟ: ಸರಸ್ವತೀ ಗಂಗಾಧರನು ಗುರುಚರಿತ್ರೆಯನ್ನು ಬರೆದುದು ಮರಾಠಿಯಲ್ಲಿ, ಆ ಚರಿತ್ರೆಯ ಗುರುಗಳಾದ ನೃಸಿಂಹ ಸರಸ್ವತಿಗಳು ನಿರ್ಗುಣ ಪಾದುಕೆಗಳನ್ನು ಉಳಿಸಿಹೋದುದು ಕನ್ನಡದ ಮಣ್ಣಿನಲ್ಲಿ. ಆದರೆ ಗಣಕದ ಬೀದಿಯಲ್ಲಿ ಈ ಎರಡು ಲಿಪಿಗಳು ಜೊತೆಯಾಗಿ ಬರಲಿಲ್ಲ. 2000ದ ಫೆಬ್ರವರಿಯಲ್ಲಿ ಬಂದ ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಸ್ಥಾನ ದೊರೆಯಿತು. ಕನ್ನಡ, ತೆಲುಗು, ಗುಜರಾತಿ, ಗುರುಮುಖಿಗಳು 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬರುವ ತನಕ ಹೊಸ್ತಿಲ ಹೊರಗೆ ಕಾದುವು. ಕನ್ನಡಕ್ಕೆ ಕೊಟ್ಟ ಅಕ್ಷರಶೈಲಿಯ ಹೆಸರು ತುಂಗಾ, ತೆಲುಗಿನದು ಗೌತಮಿ, ಗುರುಮುಖಿಯದು ರಾವಿ. ನದಿಗಳ ಹೆಸರಿಡುವ ರಸಿಕತೆ ಯಾರದ್ದೋ ಕಾಣೆ. ನಮ್ಮ ಭೀಮೆಗೆ ಆ ಭಾಗ್ಯ ಬರಲಿಲ್ಲ.

ಆದರೆ ತುಂಗೆ ಯಂತ್ರದೊಳಕ್ಕೆ ಬಂದಳೆಂದ ಮಾತ್ರಕ್ಕೆ ಹರಿದಳೆಂದು ತಿಳಿಯಬಾರದು. ಎಕ್ಸ್‌ಪಿಯ ಭಾಷಾ ವಿಭಾಗವನ್ನು ತೆರೆದರೆ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಕಡತಗಳನ್ನು ಅಳವಡಿಸು ಎಂಬ ಒಂದು ವಾಕ್ಯವೂ, ಅದರ ಪಕ್ಕದಲ್ಲಿ ಒಂದು ಖಾಲಿ ಚೌಕವೂ ಇರುತ್ತಿದ್ದುವು. ಆ ವಾಕ್ಯದಲ್ಲಿ ಥಾಯ್ ಭಾಷೆಯ ಹೆಸರು ಮಾತ್ರ ಪ್ರತ್ಯೇಕವಾಗಿ ಇತ್ತು. ಚೌಕದಲ್ಲಿ ಗುರುತು ಹಾಕಿದೊಡನೆ ಎಚ್ಚರಿಕೆಯೊಂದು ಎದ್ದು, ಅರಬ್ಬಿ, ಅರ್ಮೇನಿಯ, ಜಾರ್ಜಿಯ, ಹೀಬ್ರೂಗಳನ್ನು ಹೆಸರಿಸಿ, ಅನಂತರ ಭಾರತೀಯ ಭಾಷೆಗಳನ್ನೆಲ್ಲ ಒಂದೇ ಮೂಟೆಯಾಗಿ ಕಟ್ಟಿ, ಇವಕ್ಕೆ 10 ಮೆಗಾಬೈಟ್ ಅಥವಾ ಅದಕ್ಕಿಂತ ಅಧಿಕ ಜಾಗ ಬೇಕೆಂದು ಹೇಳುತ್ತಿತ್ತು. ಕನ್ನಡದ ಹೆಸರು ಎಲ್ಲಿಯೂ ಇಲ್ಲ. ಆ ಚೌಕದ ಅರ್ಥ ಕನ್ನಡವೆಂದು ಯಾರಾದರೂ ಕಿವಿಯಲ್ಲಿ ಹೇಳಿದ ಹೊರತು ತಿಳಿಯುವಂತಿರಲಿಲ್ಲ. ಒಂದು ಬಗೆಯ ಮಂತ್ರೋಪದೇಶವೇ ಅದು.

ಗುರುತು ಹಾಕದಿದ್ದರೆ ಆಗುತ್ತಿದ್ದುದೇನು? ನಮ್ಮ ಲಿಪಿಯ ಸ್ವಭಾವವನ್ನು ನೆನೆಯಿರಿ. ‘ದತ್ತ’ ಎಂದು ಬರೆದರೆ ಯಂತ್ರದ ಸ್ಮೃತಿಯಲ್ಲಿ ಕೂರುವುವು ನಾಲ್ಕು ಬಿಡಿ ಘಟಕಗಳು: ದ, ತ, ಒಂದು ಹಲಂತದ ಗುರುತು, ಮತ್ತೆ ತ. ಎರಡನೆಯ ತಕಾರವನ್ನು ಕುಗ್ಗಿಸಿ ಮೊದಲನೆಯದರ ಕೆಳಗೆ ಒತ್ತಾಗಿ ಕೂರಿಸುವುದು ಬೇರೊಂದು ಕೌಶಲ. ‘ಧರ್ಮ’ದ ಸಂಗತಿ ಇನ್ನೂ ಸ್ವಾರಸ್ಯ: ನಾಲಗೆ ಮೊದಲು ನುಡಿಯುವ ರೇಫವನ್ನು ಲೇಖನಿ ಮಕಾರದ ಅನಂತರ ಅರ್ಕಾವೊತ್ತಾಗಿ ಬರೆಯುತ್ತದೆ. ‘ಚರಿತ್ರೆ’ಯ ಕೊನೆಯ ಎತ್ವ ಉಚ್ಚಾರದಲ್ಲಿ ರಕಾರದ ಮೇಲಿದ್ದರೂ ಬರವಣಿಗೆಯಲ್ಲಿ ಹೋಗಿ ತಕಾರದ ತಲೆಯೇರುತ್ತದೆ. ಈ ಸ್ಥಾನಪಲ್ಲಟಗಳನ್ನೆಲ್ಲ ನಿರ್ವಹಿಸುವ ‘ಯೂನಿಸ್ಕ್ರೈಬ್’ ಎಂಬ ಶಿಲ್ಪಿ ಎಚ್ಚರಗೊಳ್ಳುವವರೆಗೂ ಅಕ್ಷರ ಒಂದೆಡೆ, ಗುಣಿತ ಒಂದೆಡೆ, ಒತ್ತು ಮತ್ತೊಂದೆಡೆಯಾಗಿ, ಜಾತ್ರೆಯ ಗದ್ದಲದಲ್ಲಿ ಕೈತಪ್ಪಿದ ಸಂಸಾರದಂತೆ ನಮ್ಮ ಪದಗಳು ಪರದೆಯ ಮೇಲೆ ಚೆದರಿ ನಿಲ್ಲುತ್ತಿದ್ದುವು. ಇದು ಅಲಂಕಾರದ ಲೋಪವಲ್ಲ, ಓದಿನ ಲೋಪ. ಡ ವಿಂಚಿಯ ಚಿತ್ರವಿಲ್ಲದೆ ಇಂಗ್ಲಿಷ್ ಬಲ್ಲವನ ಕೆಲಸ ನಿಲ್ಲುತ್ತಿರಲಿಲ್ಲ. ಆ ಚೌಕದ ಗುರುತಿಲ್ಲದೆ ನಮ್ಮ ಒಂದು ಸಾಲೂ ಸಾಗುತ್ತಿರಲಿಲ್ಲ. ಯಂತ್ರಕ್ಕೂ ವ್ಯವಸ್ಥೆಗೂ ನಾವು ತೆತ್ತ ಬೆಲೆಯಲ್ಲಿ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಮುಖ್ಯವಾದ ಸರಕನ್ನೇ ಕೊಸರಿನ ಬುಟ್ಟಿಯಲ್ಲಿಟ್ಟು, ಕೇಳಿದವನಿಗೆ ಮಾತ್ರ ಕೊಡುವ ವರ್ತಕನನ್ನು ನಮ್ಮ ಸಂತೆಗಳು ಎಷ್ಟು ವಾರ ಸಹಿಸಿಯಾವು?

ಈ ದೀರ್ಘ ಪ್ರತೀಕ್ಷೆಯ ಕಾಲದಲ್ಲಿ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಮುದ್ರಣವಿದ್ಯೆಯಲ್ಲಿ ಪಳಗಿದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವೈಯಾಕರಣ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಬೇಡಿದವರಿಗೆಲ್ಲ ಉಚಿತವಾಗಿ ಹಂಚಿದರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಆಶ್ರಯ ಪಡೆದು ತಾಲೂಕು ಕಚೇರಿಗಳ ಮೇಜಿನವರೆಗೆ ಇಳಿಯಿತು. ಇವು ಹಿಡಿದ ಮಾರ್ಗ ಚಾತುರ್ಯದ್ದು: ವ್ಯವಸ್ಥೆ ನಮ್ಮ ಲಿಪಿಯನ್ನು ಅರಿಯದಿದ್ದರೆ ಹೋಗಲಿ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತುಣುಕುಗಳನ್ನು ವಾಸಕ್ಕಿರಿಸುವುದು. ಕನ್ನಡ ಎಂಬ ಪದದ ಮೊದಲ ಕಕಾರವು ಯಂತ್ರದ ದೃಷ್ಟಿಯಲ್ಲಿ ‘ಪಿ’ ಎಂಬ ಇಂಗ್ಲಿಷ್ ಅಕ್ಷರ ಹಾಗೂ ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’ ಅಕ್ಷರ, ಇವೆರಡರ ಜೋಡಿಯಾಗಿತ್ತು. ಮನೆಯ ಯಜಮಾನನಾದ ಅಕ್ಷರಶೈಲಿ ಇರುವ ತನಕ ಎಲ್ಲವೂ ಸರಿ. ಅದಿಲ್ಲದ ಯಂತ್ರಕ್ಕೆ ಕಡತ ಹೋದರೆ ವೇಷ ಕಳಚಿ ಬರಿಯ ಇಂಗ್ಲಿಷ್ ಚೂರುಗಳು ಉಳಿಯುತ್ತಿದ್ದುವು. ಆ ರೀತಿಯಲ್ಲಿ ಬರೆದ ಕಡತಗಳನ್ನು ಕನ್ನಡದ ಅಕ್ಷರಗಳಿಗೆ ತಮ್ಮದೇ ಮನೆ ಕೊಡುವ ಯೂನಿಕೋಡಿಗೆ ಪರಿವರ್ತಿಸುವ ಶ್ರಮ ಇಂದಿಗೂ ಮುಗಿದಿಲ್ಲ. ಹಾಗಿದ್ದರೂ, ವರ್ತಕ ಕೊಡದ ಕೊಸರನ್ನು ತಾವೇ ಬೆಳೆದುಕೊಂಡ ಈ ಜನರ ಬಗೆಗೆ ನನಗಿರುವುದು ಗೌರವ ಒಂದೇ.

ನನ್ನದೂ ಒಂದು ಅನುಭವ ಉಂಟು. ಎಕ್ಸ್‌ಪಿಯ ದಿನಗಳಲ್ಲಿ ಕಲಬುರಗಿಯಿಂದ ಒಂದು ಯಂತ್ರವನ್ನು ತರಿಸಿಕೊಂಡು, ಕಿವಿಗೆ ಬಿದ್ದಿದ್ದ ಮಂತ್ರದಂತೆ ಚೌಕದಲ್ಲಿ ಗುರುತು ಹಾಕಿದೆ. ಮೂಲ ಸೀಡಿಯನ್ನು ಹಾಕು ಎಂದಿತು ಯಂತ್ರ. ಮಾರಿದವನು ಸೀಡಿಯನ್ನೇ ಕೊಟ್ಟಿರಲಿಲ್ಲ; ಕೇಳಿದರೆ, ‘ಅದ್ಯಾಕ ಬೇಕ್ರಿ, ಎಲ್ಲಾ ಹಾಕೇ ಕೊಟ್ಟೀವಲ್ರಿ’ ಎಂಬ ಉತ್ತರ. ಅವನ ದೃಷ್ಟಿಯಲ್ಲಿ ಅದು ಸತ್ಯವೇ ಇರಬೇಕು: ಹಾಡಿತ್ತು, ಪಿನ್‌ಬಾಲ್ ಇತ್ತು, ಸ್ಪೈಡರ್ ಇತ್ತು. ಮಿತ್ರರೊಬ್ಬರಿಂದ ಎರವಲು ತಂದ ಸೀಡಿಯಿಂದ ಕಡತಗಳಿಳಿದು, ಯಂತ್ರ ಮರಳಿ ಎದ್ದ ಮೇಲೆ, ನಾನು ಮೊದಲು ಬೆರಳಚ್ಚಿಸಿದ ಪದ ‘ಶ್ರೀ’. ರಕಾರ ಒತ್ತಾಗಿ ಬಂದು ಶಕಾರದ ಕಾಲಬುಡದಲ್ಲಿ ಕುಳಿತುದನ್ನು ಕಂಡು ಆದ ಹರ್ಷವನ್ನು ಈಗಿನ ತರುಣರಿಗೆ ವಿವರಿಸಹೊರಟರೆ ನಗುತ್ತಾರೆ.

ನಗುವುದು ಸಹಜ, ಈಗ ಆ ಚೌಕವೇ ಇಲ್ಲ, ಒತ್ತಕ್ಷರಗಳು ಹುಟ್ಟಿನಿಂದಲೇ ಕೂಡಿಕೊಂಡಿರುತ್ತವೆ. 2012ರ ವಿಂಡೋಸ್ 8ರಿಂದೀಚೆಗೆ ‘ನಿರ್ಮಲಾ’ ಎಂಬ ಒಂದೇ ಶೈಲಿ ಭಾರತದ ಹಲವು ಲಿಪಿಗಳ ಭಾರವನ್ನು ಹೊತ್ತಿದೆ. ಆದರೂ ಕಳೆದ ದತ್ತಜಯಂತಿಗೆ ಮುಂಚೆ, ಬೀದಿಯ ಡಿಟಿಪಿ ಅಂಗಡಿಯ ಹುಡುಗನೊಬ್ಬ, ಹಿಂದಿನ ವರ್ಷಗಳ ಕರಪತ್ರವೊಂದನ್ನು ಹೊಸ ಯಂತ್ರದಲ್ಲಿ ತೆರೆದು ನನ್ನನ್ನು ಕರೆದ: ‘ಸರ, ಅಕ್ಷರ ಎಲ್ಲಾ ಬ್ಯಾರೆ ಆಗ್ಯಾವಲ್ರಿ, ಸಾಲು ಮುಂದಿನ ಪುಟಕ್ಕ ಹೊಂಟಾವ.’ ನೋಡಿದೆ. ಕರಪತ್ರ ತುಂಗೆಯಲ್ಲಿ ಜೋಡಿಸಿದುದು. ಹೊಸ ಯಂತ್ರದಲ್ಲಿ ತುಂಗೆಯಿಲ್ಲ, ಅವಳ ಸ್ಥಾನದಲ್ಲಿ ನಿರ್ಮಲೆ ಬಂದು ಕುಳಿತಿದ್ದಳು. ವಿಂಡೋಸ್ 10ರಿಂದ ತುಂಗೆಯನ್ನು ಕನ್ನಡದ ಪೂರಕ ಅಕ್ಷರಶೈಲಿಗಳೆಂಬ ಐಚ್ಛಿಕ ಪೊಟ್ಟಣದೊಳಗೆ ಸೇರಿಸಿಬಿಟ್ಟಿದ್ದಾರೆ. ಕನ್ನಡ ತನ್ನ ಭಾಷೆಯೆಂದು ಯಂತ್ರಕ್ಕೆ ಹೇಳಿಕೊಂಡವನಿಗೆ ಅದು ತಾನಾಗಿಯೇ ಇಳಿದುಬರುತ್ತದೆ. ಈ ಹುಡುಗ ನುಡಿಯಲ್ಲಿಯೇ ಬೆರಳಚ್ಚಿಸುವವನಾದುದರಿಂದ ಹಾಗೆ ಹೇಳಿಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ. ಐಚ್ಛಿಕಗಳ ಪಟ್ಟಿಯನ್ನು ತೆರೆಸಿ, ಕನ್ನಡದ ಸಾಲನ್ನು ಹುಡುಕಿಸಿ, ಅದರ ಪಕ್ಕದ ಚೌಕದಲ್ಲಿ ಗುರುತು ಹಾಕಿಸಿದೆ. ಈ ಸಲ ಯಂತ್ರ ಸೀಡಿ ಕೇಳಲಿಲ್ಲ.